ರಜೆಗೆ ಕಾಯದೆ ಪಿಎಚ್‌ಡಿ ಪ್ರಬಂಧ ಬರೆಯುವುದು ಹೇಗೆ: ದಿನಕ್ಕೆ ಅರ್ಧ ಗಂಟೆಯ ದಾರಿ

ಕೋರ್ಸ್‌ವರ್ಕ್ ಮುಗಿದಿದೆ. ಸಾರಾಂಶಕ್ಕೆ (ಏನು ಸಂಶೋಧನೆ ಮಾಡುತ್ತೇನೆ ಎಂದು ಹೇಳುವ ಸಿನಾಪ್ಸಿಸ್) ಒಪ್ಪಿಗೆ ಸಿಕ್ಕಿದೆ. ಕ್ಷೇತ್ರಕಾರ್ಯದ ಫೋಟೋ, ಧ್ವನಿಮುದ್ರಣ, ನೋಟ್‌ಬುಕ್ ಎಲ್ಲ ಮನೆಯಲ್ಲಿ ರಾಶಿ ಬಿದ್ದಿವೆ. ಆದರೆ ಒಂದು ಅಧ್ಯಾಯವೂ ಪೂರ್ತಿಯಾಗಿಲ್ಲ. "ಈ ಸೆಮಿಸ್ಟರ್ ಮುಗೀಲಿ, ದಸರಾ ರಜೆಯಲ್ಲಿ ಕೂತು ಬರೆದುಬಿಡ್ತೀನಿ" ಅನ್ನುತ್ತೀರಿ. ದಸರಾ ರಜೆ ಬಂದಾಗ ಊರಿಗೆ ಹೋಗಬೇಕಾಗುತ್ತದೆ, ಮೌಲ್ಯಮಾಪನ ಬೀಳುತ್ತದೆ, ಮನೆಯಲ್ಲಿ ಯಾರಿಗೋ ಹುಷಾರಿರುವುದಿಲ್ಲ. ಮಾತು ಬೇಸಿಗೆ ರಜೆಗೆ ಹೋಗುತ್ತದೆ.

ಈ ಲೇಖನ ಅಂಥವರಿಗೆ. ಕಾಲೇಜಿನಲ್ಲೋ ಹೈಸ್ಕೂಲಿನಲ್ಲೋ ಕಚೇರಿಯಲ್ಲೋ ಕೆಲಸ ಮಾಡುತ್ತಾ, ಮನೆಯನ್ನೂ ನೋಡಿಕೊಳ್ಳುತ್ತಾ, ಕನ್ನಡದಲ್ಲಿ ಸಂಶೋಧನೆ ಮಾಡುತ್ತಿರುವವರಿಗೆ. ನಾನೂ ಪಾಠ ಮಾಡುತ್ತಲೇ ಪ್ರಬಂಧ ಬರೆದವಳು. ಈಗ ನನ್ನ ಜೊತೆಗಿರುವ ಕಿರಿಯರು ಬರೆಯುವುದನ್ನು ಹತ್ತಿರದಿಂದ ನೋಡುತ್ತಿದ್ದೇನೆ. ನಾನು ಕಂಡ ಹಾಗೆ, ಮುಗಿಸಿದವರಲ್ಲಿ ಹೆಚ್ಚಿನವರು ಬಿಡುವು ಜಾಸ್ತಿ ಇದ್ದವರಲ್ಲ. ದಿನವೂ ಸ್ವಲ್ಪ ಹೊತ್ತು ಬರಹದ ಮುಂದೆ ಕೂತವರು.

ಮೊದಲು ಲೆಕ್ಕ ನೋಡೋಣ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2022ರ ನಿಯಮದ ಪ್ರಕಾರ ಪಿಎಚ್‌ಡಿಗೆ ಕೋರ್ಸ್‌ವರ್ಕ್ ಸೇರಿ ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷ. ಮರುನೋಂದಣಿ ಮಾಡಿಸಿದರೆ ಇನ್ನೂ 2 ವರ್ಷದವರೆಗೆ ಸಿಗಬಹುದು. ಮಹಿಳೆಯರಿಗೆ ಮತ್ತು ಶೇ. 40ಕ್ಕಿಂತ ಹೆಚ್ಚು ಅಂಗವೈಕಲ್ಯ ಇರುವವರಿಗೆ ಅದರ ಮೇಲೆ ಮತ್ತೆ 2 ವರ್ಷ. ದೂರದಿಂದ ನೋಡಿದರೆ ಬೇಕಾದಷ್ಟು ಕಾಲ ಇದೆ ಅನ್ನಿಸುತ್ತದೆ. ಆದರೆ ಕೋರ್ಸ್‌ವರ್ಕ್, ಓಡಾಟ, ಓದು ಎಲ್ಲ ಕಳೆದ ಮೇಲೆ ಬರೆಯಲು ಉಳಿಯುವುದು ಎರಡು ಮೂರು ವರ್ಷ ಮಾತ್ರ.

ಆ ಎರಡು ವರ್ಷ ಸಾಕು. ಎ4 ಹಾಳೆಯಲ್ಲಿ ಒಂದೂವರೆ ಸಾಲಿನ ಅಂತರ ಬಿಟ್ಟು ಟೈಪ್ ಮಾಡಿಸಿದರೆ ಒಂದು ಪುಟಕ್ಕೆ ಸುಮಾರು 250 ಕನ್ನಡ ಪದ ಹಿಡಿಯುತ್ತದೆ. ದಿನಕ್ಕೆ 150 ಪದ ಬರೆಯಿರಿ. ವಾರಕ್ಕೆ ಐದೇ ದಿನ ಕೂರಿ. ವರ್ಷದಲ್ಲಿ ಆರು ವಾರ ಪರೀಕ್ಷೆ, ಹಬ್ಬ, ಜ್ವರಕ್ಕೆಂದು ಬಿಟ್ಟುಬಿಡಿ. ಉಳಿದ 46 ವಾರಕ್ಕೆ 34,500 ಪದ ಆಗುತ್ತದೆ. ಎರಡು ವರ್ಷಕ್ಕೆ 69,000. ಅಂದರೆ ಸುಮಾರು 275 ಪುಟ. ಕನ್ನಡದ ಎಷ್ಟೋ ಪ್ರಬಂಧಗಳ ಗಾತ್ರ ಅಷ್ಟೇ.

ಇಂಗ್ಲಿಷ್ ಪುಸ್ತಕಗಳಲ್ಲಿ ದಿನಕ್ಕೆ 500 ಪದ, ಸಾವಿರ ಪದ ಅಂತ ಗುರಿ ಕೊಟ್ಟಿರುತ್ತಾರೆ. ಅದನ್ನು ಹಾಗೇ ತೆಗೆದುಕೊಳ್ಳಬೇಡಿ. ಕನ್ನಡದಲ್ಲಿ ವಿಭಕ್ತಿ, ಪ್ರತ್ಯಯ ಎಲ್ಲ ಪದಕ್ಕೇ ಅಂಟಿಕೊಳ್ಳುತ್ತವೆ. ಅದೇ ವಿಷಯ ಹೇಳಲು ನಮಗೆ ಕಡಿಮೆ ಪದ ಸಾಕು. ಅಡಿಟಿಪ್ಪಣಿ ಸಮೇತ 150 ಪದ ಅಂದರೆ ಒಳ್ಳೆಯ ದಿನವೇ.

ಪ್ರತಿದಿನದ ಪುಟ್ಟ ಬರವಣಿಗೆಯಿಂದ ಪುಟ ಹೆಚ್ಚುವುದಷ್ಟೇ ಅಲ್ಲ, ವಿಚಾರವೂ ಹೆಚ್ಚುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞ ರಾಬರ್ಟ್ ಬಾಯ್ಸ್ 1983ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. 27 ಅಧ್ಯಾಪಕರನ್ನು ಮೂರು ಗುಂಪು ಮಾಡಿದ್ದರು. ಒಂದು ಗುಂಪು ತುರ್ತಿಲ್ಲದೆ ಬರೆಯುವಂತಿಲ್ಲ. ಎರಡನೆಯದು ಮನಸ್ಸು ಬಂದಾಗ ಬರೆಯಬಹುದು. ಮೂರನೆಯದು ಗೊತ್ತಾದ ಹೊತ್ತಿಗೆ ಬರೆಯಲೇಬೇಕು, ತಪ್ಪಿದರೆ ತಮಗೆ ಇಷ್ಟವಿಲ್ಲದ ಸಂಸ್ಥೆಗೆ ತಮ್ಮ ಹಣ ಹೋಗುತ್ತದೆ. ಹೆಚ್ಚು ಪುಟ ಬರೆದವರು ಮೂರನೆಯ ಗುಂಪಿನವರು. ಹೊಸ ಹೊಳಹುಗಳು ಹೆಚ್ಚಾಗಿ ಬಂದದ್ದೂ ಅವರಿಗೇ. ಇದು ಸಣ್ಣ ಅಧ್ಯಯನ. ಆದರೆ ಸಂಶೋಧನೆ ಮಾಡುವವರಿಗೆ ಇದರಲ್ಲಿ ದೊಡ್ಡ ವಿಷಯ ಇದೆ. ಹೊಳೆದ ಮೇಲೆ ಬರೆಯೋಣ ಅಂತ ಕಾದವರಿಗೆ ಹೊಳೆಯುವುದೇ ಕಡಿಮೆ. ದಿನವೂ ಬರೆಯುವವರ ಮನಸ್ಸಿನಲ್ಲಿ ವಿಷಯ ಬಸ್ಸಿನಲ್ಲೂ ಅಡುಗೆಮನೆಯಲ್ಲೂ ಓಡುತ್ತಿರುತ್ತದೆ.

ಹೊತ್ತನ್ನು ಗೊತ್ತು ಮಾಡಿಕೊಳ್ಳಿ

"ಸಮಯ ಸಿಕ್ಕಾಗ ಬರೀತೀನಿ" ಅಂದರೆ ಆಗುವುದಿಲ್ಲ. ಸಮಯ ಸಿಗುವುದೇ ಇಲ್ಲ. ಒಂದು ವಾರ ನಿಮ್ಮ ದಿನ ಹೇಗೆ ಹೋಗುತ್ತದೆ ಅಂತ ಸುಮ್ನೆ ಗಮನಿಸಿ. ಎಲ್ಲಿ ಅರ್ಧ ಗಂಟೆ ಯಾರಿಗೂ ತೊಂದರೆಯಾಗದಂತೆ ಸಿಗುತ್ತದೆ? ಕೆಲವರಿಗೆ ಬೆಳಗ್ಗೆ ಮನೆಮಂದಿ ಏಳುವ ಮೊದಲು. ಕೆಲವರಿಗೆ ಮಗುವನ್ನು ಶಾಲೆಗೆ ಬಿಟ್ಟ ಮೇಲೆ. ಇನ್ನು ಕೆಲವರಿಗೆ ಕಾಲೇಜಿನ ಲೈಬ್ರರಿಯಲ್ಲಿ, ಮೊದಲ ಪಿರಿಯಡ್‌ಗೆ ಮುಂಚೆ. ಸ್ಟಾಫ್ ರೂಮ್ ಬೇಡ. ಅಲ್ಲಿ ಮಾತು ಶುರುವಾದರೆ ಎದ್ದು ಹೋಗುವುದು ಕಷ್ಟ.

ರಾತ್ರಿ ಊಟದ ನಂತರದ ಹೊತ್ತನ್ನು ನಾನು ಯಾರಿಗೂ ಹೇಳುವುದಿಲ್ಲ. ಇಡೀ ದಿನ ಪಾಠ ಮಾಡಿದ ತಲೆಗೆ ಆಗ ಟಿಪ್ಪಣಿ ಜೋಡಿಸುವಷ್ಟು ಶಕ್ತಿ ಇರಬಹುದು, ವಾದ ಕಟ್ಟುವಷ್ಟು ಇರುವುದಿಲ್ಲ. ಬೇರೆ ದಾರಿಯೇ ಇಲ್ಲ ಅನ್ನುವವರು ರಾತ್ರಿಯಾದರೂ ಸರಿ, ಅದನ್ನೇ ಗಟ್ಟಿ ಮಾಡಿಕೊಳ್ಳಿ.

ಹೊತ್ತು, ಜಾಗ, ಕೆಲಸ ಮೂರನ್ನೂ ಒಂದೇ ವಾಕ್ಯದಲ್ಲಿ ಬರೆದಿಡಿ. "ಸೋಮವಾರದಿಂದ ಶುಕ್ರವಾರ, ಬೆಳಗ್ಗೆ 9ರಿಂದ 9.30, ಲೈಬ್ರರಿಯ ಕಿಟಕಿ ಪಕ್ಕದ ಮೇಜು, ಮೂರನೇ ಅಧ್ಯಾಯ" ಅಂತ. ಹೀಗೆ ಎಲ್ಲಿ, ಯಾವಾಗ ಎಂದು ಮೊದಲೇ ನಿಗದಿ ಮಾಡಿಕೊಂಡವರು ಅಂದುಕೊಂಡ ಕೆಲಸವನ್ನು ಮಾಡುವ ಸಾಧ್ಯತೆ ಜಾಸ್ತಿ ಎಂದು ಮನಶ್ಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಸರ್ ಮತ್ತು ಅವರ ಜೊತೆಗಾರರು ಹಲವು ಪ್ರಯೋಗಗಳಲ್ಲಿ ಕಂಡುಕೊಂಡಿದ್ದಾರೆ.

ಮನೆಯವರಿಗೆ ಬಾಯಿಬಿಟ್ಟು ಹೇಳಿ. ಹೆಣ್ಣುಮಕ್ಕಳಿಗೆ ಇದು ಇನ್ನೂ ಮುಖ್ಯ. "ಅತ್ತೆ, ಈ ಅರ್ಧ ಗಂಟೆ ನನ್ನನ್ನು ಕರೀಬೇಡಿ, ಆಮೇಲೆ ಬಂದು ನೋಡ್ಕೋತೀನಿ" ಎಂದು ಒಮ್ಮೆ ಹೇಳಿದರೆ ಹೆಚ್ಚಿನ ಮನೆಗಳಲ್ಲಿ ಅರ್ಥ ಮಾಡಿಕೊಳ್ಳುತ್ತಾರೆ. ದಿನವಿಡೀ ಬರೆಯಬೇಕು ಎಂದು ಕೇಳುವುದಕ್ಕಿಂತ ಅರ್ಧ ಗಂಟೆ ಕೇಳುವುದು ಸುಲಭ. ಕೊಡುವುದೂ ಸುಲಭ. ಫೋನ್ ಬೇರೆ ಕೋಣೆಯಲ್ಲಿರಲಿ. ಫೋನಿನಲ್ಲೇ ಬರೆಯುವವರಾದರೆ ಡೇಟಾ ಆಫ್ ಮಾಡಿ.

ಅಧ್ಯಾಯವನ್ನು ಪ್ಯಾರಾದಷ್ಟು ಚಿಕ್ಕದಾಗಿ ಒಡೆಯಿರಿ

ಹೆಚ್ಚಿನವರು ಎಡವುವುದು ಇಲ್ಲೇ. ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಅರ್ಧ ಗಂಟೆ ಕೂತು "ಮೂರನೇ ಅಧ್ಯಾಯ ಬರೆಯಬೇಕು" ಅಂದುಕೊಂಡರೆ ಮೊದಲ ಹದಿನೈದು ನಿಮಿಷ ಎಲ್ಲಿಂದ ಶುರು ಮಾಡಲಿ ಅನ್ನುವುದರಲ್ಲೇ ಹೋಗುತ್ತದೆ. ಕೂತ ತಕ್ಷಣ ಕೈಗೆ ಸಿಗುವಷ್ಟು ಚಿಕ್ಕ ಕೆಲಸ ಮುಂದಿರಬೇಕು. ಆ ಕೆಲಸ ಒಂದು ಪ್ರಶ್ನೆಯ ರೂಪದಲ್ಲಿದ್ದರೆ ಇನ್ನೂ ಒಳ್ಳೆಯದು. ಪ್ರಶ್ನೆಗೆ ಉತ್ತರ ಬರೆಯುವುದು ನಮಗೆಲ್ಲ ಅಭ್ಯಾಸ ಇದೆ.

ಒಂದು ಉದಾಹರಣೆ. ನಿಮ್ಮ ವಿಷಯ ಸೊರಬ ತಾಲ್ಲೂಕಿನ ವೀರಗಲ್ಲುಗಳು, ಅಂದರೆ ಹೋರಾಡಿ ಸತ್ತವರ ನೆನಪಿಗೆ ನಿಲ್ಲಿಸಿದ ಕಲ್ಲುಗಳು, ಅಂತ ಇಟ್ಟುಕೊಳ್ಳಿ. ಮೂರನೇ ಅಧ್ಯಾಯ "ವೀರಗಲ್ಲುಗಳ ವರ್ಗೀಕರಣ". ಶೀರ್ಷಿಕೆ ನೋಡಿದರೇ ಭಯವಾಗುತ್ತದೆ, ಅಲ್ವಾ? ಅದನ್ನು ಮೊದಲು ಉಪವಿಭಾಗಗಳಾಗಿ ಒಡೆಯಿರಿ: ತುರುಗಾಳಗದ (ದನಗಳಿಗಾಗಿ ನಡೆದ ಕಾಳಗ) ಕಲ್ಲುಗಳು, ಊರಳಿವಿನ (ಊರಿನ ಮೇಲಿನ ದಾಳಿ) ಕಲ್ಲುಗಳು, ಪೆಣ್ಬುಯ್ಯಲಿನ (ಹೆಂಗಸರ ಮಾನರಕ್ಷಣೆಯ ಹೋರಾಟ) ಕಲ್ಲುಗಳು, ಬೇಟೆಯ ಕಲ್ಲುಗಳು. ಹೆಚ್ಚಿನವರು ಇಲ್ಲಿಗೇ ನಿಲ್ಲಿಸುತ್ತಾರೆ. ಇದು ಸಾಲದು. ಒಂದೊಂದು ಉಪವಿಭಾಗವೂ ಹದಿನೈದು ಇಪ್ಪತ್ತು ಪುಟ. ಅರ್ಧ ಗಂಟೆಗೆ ಅದೂ ದೊಡ್ಡದೇ.

ಬೇಟೆಯ ಕಲ್ಲುಗಳ ಉಪವಿಭಾಗವನ್ನೇ ಇನ್ನೂ ಒಡೆದು, ಒಂದೊಂದು ಕೆಲಸವನ್ನು ಒಂದೊಂದು ಚೀಟಿಯಲ್ಲಿ ಬರೆದಿಟ್ಟರೆ ಇಂಥ ಚೀಟಿಗಳು ಸಿಗುತ್ತವೆ:

- ಬೇಟೆಯ ಕಲ್ಲನ್ನು ಯುದ್ಧದ ಕಲ್ಲಿನಿಂದ ಹೇಗೆ ಗುರುತಿಸುತ್ತೇನೆ? ಕೆಳಗಿನ ಪಟ್ಟಿಕೆಯಲ್ಲಿ (ಕೆತ್ತನೆಯ ಅಡ್ಡ ಸಾಲಿನಲ್ಲಿ) ಏನು ಕೆತ್ತಿರುತ್ತಾರೆ?
- ನನ್ನ ತಾಲ್ಲೂಕಿನಲ್ಲಿ ಇಂಥ ಕಲ್ಲು ಎಲ್ಲೆಲ್ಲಿ ಸಿಕ್ಕಿವೆ? ಪಟ್ಟಿ ಮಾತ್ರ.
- ಒಂದು ಕಲ್ಲಿನ ವರ್ಣನೆ, ಫೋಟೋ ನೋಡಿಕೊಂಡು, ಕೆಳಗಿನ ಪಟ್ಟಿಕೆಯಿಂದ ಮೇಲಕ್ಕೆ.
- ಹುಲಿಯೊಂದಿಗೆ ಹೋರಾಡಿ ಸತ್ತವನಿಗೂ ಅಪ್ಸರೆಯರು ಬರುತ್ತಾರಾ? ಇದರಿಂದ ಏನು ಹೇಳಬಹುದು?
- ಹೋಲಿಕೆಗೆ ಆತಕೂರು ಶಾಸನ ಯಾಕೆ ಬೇಕು?

ಕೊನೆಯ ಚೀಟಿಯನ್ನೇ ತೆಗೆದುಕೊಳ್ಳಿ. ಮದ್ದೂರು ತಾಲ್ಲೂಕಿನ ಆತಕೂರಿನ ಈ ಕಲ್ಲು ಕ್ರಿ.ಶ. 949-50ರದ್ದು. ರಾಷ್ಟ್ರಕೂಟರಿಗೂ ಚೋಳರಿಗೂ ನಡೆದ ತಕ್ಕೋಲಂ ಯುದ್ಧದಲ್ಲಿ ಹೋರಾಡಿದ ಮಣಲೆರ ಎಂಬ ವೀರ ತನ್ನ ದೊರೆಯ ಮೆಚ್ಚುಗೆಯಾಗಿ ಕೇಳಿ ಪಡೆದದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ನಾಯಿ ಹಂದಿಯೊಂದಿಗೆ ಕಾದಾಡಿತು. ಎರಡೂ ಸತ್ತವು. ನಾಯಿಗಾಗಿ ಈ ಕಲ್ಲು ನಿಲ್ಲಿಸಿದರು. ಈಗ ಅದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಈ ವಿಷಯ ನಿಮಗೆ ಗೊತ್ತೇ ಇರುತ್ತದೆ. ಅರ್ಧ ಗಂಟೆಯಲ್ಲಿ ನೀವು ಬರೆಯಬೇಕಾದದ್ದು ಮೂರು ಚಿಕ್ಕ ಪ್ಯಾರಾ: ಶಾಸನದಲ್ಲಿ ಏನಿದೆ, ಬೇಟೆಯಲ್ಲಿ ಬಂದ ಸಾವನ್ನು ಅದು ಹೇಗೆ ಕಾಣುತ್ತದೆ, ನನ್ನ ತಾಲ್ಲೂಕಿನ ಕಲ್ಲುಗಳಿಗೂ ಇದಕ್ಕೂ ಏನು ವ್ಯತ್ಯಾಸ. ಮೂರನೆಯದು ಆ ದಿನ ಆಗದಿದ್ದರೆ ಅದೇ ಮರುದಿನದ ಚೀಟಿ.

ಚೀಟಿಗಳನ್ನು ಎರಡು ಕಟ್ಟು ಮಾಡಿ. ಒಂದರಲ್ಲಿ ತಲೆ ಓಡಿಸಬೇಕಾದ ಕೆಲಸ: ವಾದ, ಹೋಲಿಕೆ, ಹಿಂದಿನ ವಿದ್ವಾಂಸರ ಮಾತಿಗೆ ಉತ್ತರ. ಇನ್ನೊಂದರಲ್ಲಿ ಹಗುರ ಕೆಲಸ: ಫೋಟೋಗಳಿಗೆ ಶೀರ್ಷಿಕೆ, ವಕ್ತೃಗಳ (ಕ್ಷೇತ್ರಕಾರ್ಯದಲ್ಲಿ ಮಾಹಿತಿ ಕೊಟ್ಟವರ) ಪಟ್ಟಿ, ಗ್ರಂಥಋಣ (ಬಳಸಿದ ಪುಸ್ತಕಗಳ ಪಟ್ಟಿ), ಕೋಷ್ಟಕ, ಧ್ವನಿಮುದ್ರಣದ ಎರಡು ನಿಮಿಷವನ್ನು ಬರಹಕ್ಕೆ ಇಳಿಸುವುದು. ತಲೆನೋವು ಬಂದ ದಿನ, ಆರು ಪಿರಿಯಡ್ ಪಾಠ ಇದ್ದ ದಿನ ಎರಡನೇ ಕಟ್ಟಿನಿಂದ ಒಂದು ಚೀಟಿ ತೆಗೆಯಿರಿ. ಅದೂ ಪ್ರಬಂಧದ ಕೆಲಸವೇ. ಆದರೆ ವಾರದಲ್ಲಿ ಮೂರು ದಿನವಾದರೂ ಮೊದಲ ಕಟ್ಟಿಗೆ ಕೈ ಹಾಕಿ. ಗ್ರಂಥಋಣ ಎಷ್ಟೇ ಅಚ್ಚುಕಟ್ಟಾಗಿದ್ದರೂ ಅದರಿಂದ ಅಧ್ಯಾಯ ಮುಂದೆ ಹೋಗುವುದಿಲ್ಲ.

ಅರ್ಧ ಗಂಟೆಯ ಒಳಗೆ

ಕೂತ ಮೇಲೆ ಮೊದಲ ನಾಲ್ಕೈದು ನಿಮಿಷ ನಿನ್ನೆಯ ಕೊನೆಯ ಪ್ಯಾರಾ ಓದಿ. ಕೊನೆಯದು ಮಾತ್ರ. ಅಧ್ಯಾಯದ ಮೊದಲಿನಿಂದ ಓದಲು ಹೋದರೆ ತಿದ್ದುವುದರಲ್ಲೇ ಹೊತ್ತು ಮುಗಿಯುತ್ತದೆ. ವರ್ಷಗಟ್ಟಲೆ ಮೊದಲ ಹತ್ತು ಪುಟವನ್ನೇ ತಿದ್ದುತ್ತಾ ಕೂತವರನ್ನು ನಾನು ನೋಡಿದ್ದೇನೆ. ಆ ಹತ್ತು ಪುಟ ಚೆನ್ನಾಗಿಯೇ ಇರುತ್ತವೆ. ಹನ್ನೊಂದನೆಯದು ಹುಟ್ಟುವುದೇ ಇಲ್ಲ.

ಆಮೇಲೆ ಇಪ್ಪತ್ತು ನಿಮಿಷ ಬರೆಯಿರಿ. ಈ ಇಪ್ಪತ್ತು ನಿಮಿಷದಲ್ಲಿ ಪುಸ್ತಕ ತೆರೆಯಬೇಡಿ. ಶಾಸನದ ಸಂಖ್ಯೆ ನೆನಪಾಗುತ್ತಿಲ್ಲವೇ? "★ ಎಪಿಗ್ರಾಫಿಯಾ ಕರ್ನಾಟಿಕಾ (ಕರ್ನಾಟಕದ ಶಾಸನಗಳ ಸಂಗ್ರಹ) ಸಂಪುಟ ನೋಡಬೇಕು" ಅಂತ ಹಾಕಿ ಮುಂದೆ ಹೋಗಿ. ವರ್ಷ ನೆನಪಿಲ್ಲವೇ? ಮತ್ತೆ ನಕ್ಷತ್ರ. ಸಂಶೋಧಕರಿಗೆ ಇದು ಕಷ್ಟ. ಎಲ್ಲವನ್ನೂ ಖಚಿತ ಮಾಡಿಕೊಂಡೇ ಬರೆಯಬೇಕು ಅಂತ ನಮಗೆ ಕಲಿಸಿದ್ದಾರೆ. ಅದು ಸರಿಯೇ, ಆದರೆ ಖಚಿತ ಮಾಡಿಕೊಳ್ಳಲು ಬೇರೆ ಹೊತ್ತು ಇದೆ. ಒಂದು ಸಂಖ್ಯೆ ಹುಡುಕಲು ಸಂಪುಟ ತೆರೆದರೆ ಪಕ್ಕದ ಶಾಸನ ಕಣ್ಣಿಗೆ ಬೀಳುತ್ತದೆ, ಅದನ್ನು ಓದುತ್ತೀರಿ, ಅರ್ಧ ಗಂಟೆ ಹೋಯಿತು. ವಾರಕ್ಕೊಮ್ಮೆ, ಶನಿವಾರವೋ ಭಾನುವಾರವೋ, ಕಡತದಲ್ಲಿ ನಕ್ಷತ್ರ ಹುಡುಕಿ ಎಲ್ಲವನ್ನೂ ಒಟ್ಟಿಗೆ ತುಂಬಿ.

ಕೊನೆಯ ಐದು ನಿಮಿಷವನ್ನು ಯಾವ ಕಾರಣಕ್ಕೂ ಬಿಡಬೇಡಿ. ಆಗ ಮಾಡಬೇಕಾದದ್ದು ನಾಳೆಗೆ ಸೂಚನೆ ಬರೆಯುವುದು. "ನಾಳೆ: ನಾಯಿಗೆ ಕಲ್ಲು ನಿಲ್ಲಿಸಿದ್ದು ಅಪರೂಪ ಎಂದು ಹೇಳಿದ್ದೇನೆ. ಈಗ ಸೊರಬದಲ್ಲಿ ಹಂದಿ ಬೇಟೆಯ ಕಲ್ಲು ಬಂದರೆ ಅದರಲ್ಲಿ ನಾಯಿ ಎಲ್ಲಿದೆ ಅನ್ನುವುದರಿಂದ ಶುರು." ಇಷ್ಟು ಸಾಕು. ಆಗುವುದಾದರೆ ಮುಂದಿನ ವಾಕ್ಯದ ಅರ್ಧ ಬರೆದು ಅಲ್ಲಿಗೇ ನಿಲ್ಲಿಸಿ. ಮರುದಿನ ಕೂತ ತಕ್ಷಣ ಕೈ ತಾನಾಗೇ ಅದನ್ನು ಪೂರ್ತಿ ಮಾಡುತ್ತದೆ. ಈ ಇಡೀ ಲೇಖನದಲ್ಲಿ ಒಂದೇ ಒಂದು ಮಾತು ಪಾಲಿಸುತ್ತೀರಿ ಅಂದರೆ ಇದನ್ನೇ ಪಾಲಿಸಿ. ಚಿಕ್ಕ ಅವಧಿಯ ಬರವಣಿಗೆ ಸೋಲುವುದು ಬಹಳ ಸಲ ಶುರು ಮಾಡುವ ಹೊತ್ತಿನಲ್ಲಿ.

ಬರೆಯುವ ಹುರುಪು ಇದ್ದಾಗ ಅರ್ಧ ಗಂಟೆಗೇ ನಿಲ್ಲಿಸಬೇಕಾ ಅಂತ ಕೇಳುತ್ತಾರೆ. ಹತ್ತು ಹದಿನೈದು ನಿಮಿಷ ಮುಂದುವರಿಸಿ, ತೊಂದರೆ ಇಲ್ಲ. ಆದರೆ ಮೂರು ಗಂಟೆ ಬರೆದು ಸುಸ್ತಾಗಿ, ಮುಂದಿನ ನಾಲ್ಕು ದಿನ ಮುಟ್ಟದಿದ್ದರೆ ಲಾಭ ಏನೂ ಇಲ್ಲ.

ಮೊದಲ ಕರಡು ಮಾತಿನ ಹಾಗೆ ಇರಲಿ

ಪ್ರಬಂಧ ಅಂದ ಕೂಡಲೇ ಕೈ ಬಿಗಿಯಾಗುತ್ತದೆ. "ಪ್ರಸ್ತುತ ಅಧ್ಯಯನದ ಪರಿಪ್ರೇಕ್ಷ್ಯದಲ್ಲಿ" ಅಂತ ಶುರು ಮಾಡಿದರೆ ಮುಂದಿನ ವಾಕ್ಯ ಬರುವುದೇ ಇಲ್ಲ. ನಿಮ್ಮ ಎಂ.ಎ. ವಿದ್ಯಾರ್ಥಿ ಎದುರಿಗೆ ಕೂತು "ಮೇಡಂ, ಈ ಕಲ್ಲಲ್ಲಿ ಏನಿದೆ?" ಅಂತ ಕೇಳಿದರೆ ಹೇಗೆ ಹೇಳುತ್ತೀರೋ ಹಾಗೇ ಬರೆಯಿರಿ. ಪರಿಭಾಷೆ ಆಮೇಲೆ ಸೇರಿಸಬಹುದು. ಸೇರಿಸದೇ ಇದ್ದರೂ ಎಷ್ಟೋ ಸಲ ಚೆನ್ನಾಗಿಯೇ ಇರುತ್ತದೆ.

ಟೈಪಿಂಗ್ ನಿಧಾನ ಇರುವವರು ಮಾತಾಡಿಯೇ ಬರೆಯಬಹುದು. ಗೂಗಲ್‌ನ ಧ್ವನಿ ಟೈಪಿಂಗ್ 2017ರಿಂದ ಕನ್ನಡಕ್ಕೂ ಇದೆ. ಫೋನಿನ ಜಿಬೋರ್ಡ್‌ನಲ್ಲಿ ಮೈಕ್ ಒತ್ತಿ ಮಾತಾಡಿದರೆ ಅಕ್ಷರಗಳು ಬರುತ್ತವೆ. ಹಳಗನ್ನಡದ ಉಲ್ಲೇಖ, ಊರಿನ ಹೆಸರು, ಶಾಸನದ ಪದ ತಪ್ಪಾಗಿ ಬರುತ್ತವೆ. ಅವನ್ನು ಕೈಯಲ್ಲೇ ಹಾಕಬೇಕು. ಆದರೂ ವಾದವನ್ನು ಒಮ್ಮೆ ಬಾಯಲ್ಲಿ ಹೇಳಿ ಇಳಿಸಿಕೊಳ್ಳಲು ಇದು ಒಳ್ಳೆಯ ದಾರಿ. ಕ್ಷೇತ್ರಕಾರ್ಯ ಮುಗಿಸಿ ಬಸ್ ನಿಲ್ದಾಣದಲ್ಲಿ ಕಾಯುವಾಗ ಆ ದಿನ ನೋಡಿದ್ದನ್ನು ಹೀಗೆ ಹೇಳಿಟ್ಟುಕೊಂಡರೆ ಮನೆಗೆ ಬರುವಷ್ಟರಲ್ಲಿ ಕರಡು ಸಿದ್ಧ.

ಕಡತ, ಫಾಂಟ್, ಉದ್ಧರಣೆ

ಇವು ಚಿಕ್ಕ ವಿಷಯಗಳು. ಆದರೆ ಎರಡು ವರ್ಷ ತುಂಡು ತುಂಡಾಗಿ ಬರೆಯುವವರಿಗೆ ಇವೇ ದೊಡ್ಡ ತೊಂದರೆ ಕೊಡುತ್ತವೆ.

ಒಂದು ಅಧ್ಯಾಯಕ್ಕೆ ಒಂದೇ ಕಡತ. ಅದು ಫೋನಿನಲ್ಲೂ ಕಂಪ್ಯೂಟರಿನಲ್ಲೂ ತೆರೆಯುವಂತಿರಲಿ. ಗೂಗಲ್ ಡಾಕ್ಸ್ ಇದಕ್ಕೆ ಸಾಕು. ತಿಂಗಳಿಗೊಮ್ಮೆ ದಿನಾಂಕ ಹಾಕಿ ಒಂದು ಪ್ರತಿಯನ್ನು ಪೆನ್‌ಡ್ರೈವ್‌ಗೆ ಹಾಕಿ, ಇನ್ನೊಂದನ್ನು ನಿಮಗೆ ನೀವೇ ಇಮೇಲ್ ಮಾಡಿಕೊಳ್ಳಿ.

ಯುನಿಕೋಡ್‌ನಲ್ಲೇ (ಎಲ್ಲ ಫೋನು, ಕಂಪ್ಯೂಟರುಗಳಲ್ಲೂ ಒಂದೇ ಥರ ಕಾಣುವ ಅಕ್ಷರ ವ್ಯವಸ್ಥೆ) ಬರೆಯಿರಿ. ನುಡಿ, ಬರಹ ಎಂಬ ಕನ್ನಡ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ್ದನ್ನು ಫೋನಿನಲ್ಲಿ ತೆರೆದರೆ ಅರ್ಥವಿಲ್ಲದ ಅಕ್ಷರಗಳು ಕಾಣುತ್ತವೆ. ಹುಡುಕಲೂ ಆಗುವುದಿಲ್ಲ. ನುಡಿಯ ಕೀಲಿಮಣೆ ವಿನ್ಯಾಸವೇ ರೂಢಿ ಆಗಿದ್ದರೆ ಅದೇ ವಿನ್ಯಾಸದಲ್ಲಿ ಯುನಿಕೋಡ್ ಟೈಪ್ ಮಾಡಬಹುದು. ಬೆರಳು ಹೊಸದಾಗಿ ಕಲಿಯಬೇಕಿಲ್ಲ. ಕೆಲವು ಡಿಟಿಪಿ ಅಂಗಡಿಗಳು ಈಗಲೂ ಹಳೆಯ ಫಾಂಟನ್ನೇ ಕೇಳುತ್ತವೆ. ಕೊನೆಯಲ್ಲಿ ಪರಿವರ್ತಕ ಬಳಸಿ ಬದಲಾಯಿಸಿಕೊಡಿ. ಬದಲಾಯಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತು, ಅಂಕಿಗಳನ್ನು ಒಮ್ಮೆ ಕಣ್ಣಾಡಿಸಿ.

ಕೈಯಲ್ಲೇ ಬರೆಯುವವರು ಕೈಯಲ್ಲೇ ಬರೆಯಿರಿ. ಹಾಳೆಯ ಒಂದೇ ಬದಿಯಲ್ಲಿ, ಪುಟಸಂಖ್ಯೆ ಹಾಕಿ, ಎಡಗಡೆ ಅಗಲವಾದ ಮಾರ್ಜಿನ್ ಬಿಟ್ಟು. ಪ್ರತಿದಿನ ಎದ್ದೇಳುವ ಮೊದಲು ಫೋಟೋ ತೆಗೆದಿಡಿ. ಡಿಟಿಪಿಗೆ ಇಡೀ ಪ್ರಬಂಧವನ್ನು ಒಟ್ಟಿಗೆ ಕೊಡಬೇಡಿ. ಅಧ್ಯಾಯ ಮುಗಿದ ಹಾಗೆ ಕೊಡುತ್ತಾ ಬನ್ನಿ. ಕೊನೆಯ ತಿಂಗಳಲ್ಲಿ ಮುನ್ನೂರು ಪುಟದ ಕರಡು ತಿದ್ದುವ ಕಷ್ಟ ತಪ್ಪುತ್ತದೆ.

ಉದ್ಧರಣೆಯ ವಿಷಯದಲ್ಲಿ ಸಡಿಲ ಬೇಡ. ಬೇರೆಯವರ ಸಾಲನ್ನು ಕಡತಕ್ಕೆ ಹಾಕಿದ ಆ ಕ್ಷಣವೇ ಉದ್ಧರಣ ಚಿಹ್ನೆ, ಲೇಖಕರ ಹೆಸರು, ಪುಟಸಂಖ್ಯೆ ಹಾಕಿ. ಇದಕ್ಕೆ ನಕ್ಷತ್ರ ಹಾಕಿ ಮುಂದೂಡುವಂತಿಲ್ಲ. ಎಂಟು ತಿಂಗಳಾದ ಮೇಲೆ ಆ ಸಾಲು ನಿಮ್ಮದೋ ಅವರದೋ ಎಂದು ನಿಮಗೇ ತಿಳಿಯುವುದಿಲ್ಲ. ಕೃತಿಚೌರ್ಯ ತಡೆಯುವ ಯುಜಿಸಿಯ 2018ರ ನಿಯಮದಲ್ಲಿ, ಬೇರೆಯವರ ಬರಹದೊಂದಿಗೆ ಶೇ. 10ರವರೆಗಿನ ಸಾಮ್ಯಕ್ಕೆ (ಹೋಲಿಕೆಗೆ) ದಂಡವಿಲ್ಲ. ಶೇ. 10ರಿಂದ 40ರವರೆಗೆ ಇದ್ದರೆ ಗೊತ್ತಾದ ಅವಧಿಯೊಳಗೆ, ಹೆಚ್ಚೆಂದರೆ 6 ತಿಂಗಳಲ್ಲಿ, ತಿದ್ದಿ ಮತ್ತೆ ಸಲ್ಲಿಸಬೇಕು. ಶೇ. 40 ದಾಟಿದರೆ ತಿದ್ದಿದ ಪ್ರತಿ ಸಲ್ಲಿಸಲು ಒಂದು ವರ್ಷ ತಡೆ. ಶೇ. 60 ದಾಟಿದರೆ ನೋಂದಣಿಯೇ ರದ್ದು. ಮೂಲವನ್ನು ಸರಿಯಾಗಿ ಹೇಳಿ ಕೊಟ್ಟ ಉದ್ಧರಣೆ ಈ ಲೆಕ್ಕದಲ್ಲಿ ಬರುವುದಿಲ್ಲ. ಹಾಗಾಗಿ ಅಂದಂದೇ ಚಿಹ್ನೆ ಹಾಕುವುದು ಪ್ರಾಮಾಣಿಕತೆಯೂ ಹೌದು, ಮುಂದಿನ ಗೋಳು ತಪ್ಪಿಸುವ ದಾರಿಯೂ ಹೌದು.

ಜೊತೆಗೊಬ್ಬರು

ಮೇಜಿನ ಮೇಲೊಂದು ಕ್ಯಾಲೆಂಡರ್ ಇಟ್ಟುಕೊಂಡು ಕೂತ ದಿನಕ್ಕೆ ಗುರುತು ಹಾಕಿ. ಪದ ಎಣಿಸುವುದಕ್ಕಿಂತ ದಿನ ಎಣಿಸುವುದು ಒಳ್ಳೆಯದು. ಒಂದು ದಿನ ನಾಲ್ಕೇ ಸಾಲು ಬಂದಿರಬಹುದು, ಆ ನಾಲ್ಕು ಸಾಲೇ ಅಧ್ಯಾಯದ ಗಂಟು ಬಿಡಿಸಿರಬಹುದು.

ನಿಮ್ಮ ಹಾಗೇ ಪ್ರಬಂಧ ಬರೆಯುತ್ತಿರುವ ಗೆಳತಿಯೋ ಗೆಳೆಯನೋ ಇದ್ದರೆ ವಾಟ್ಸಾಪ್‌ನಲ್ಲಿ "ಕೂತೆ" ಅಂತ ಒಂದು ಮೆಸೇಜ್, ಅರ್ಧ ಗಂಟೆ ಆದ ಮೇಲೆ "ಎದ್ದೆ" ಅಂತ ಇನ್ನೊಂದು. ಅಷ್ಟೇ. ವಿಷಯ ಒಂದೇ ಆಗಿರಬೇಕಿಲ್ಲ. ಒಬ್ಬರು ರಸಾಯನಶಾಸ್ತ್ರ, ಇನ್ನೊಬ್ಬರು ಜಾನಪದ ಆದರೂ ನಡೆಯುತ್ತದೆ. ಇನ್ನೊಬ್ಬರು ಕೂತಿದ್ದಾರೆ ಅನ್ನುವುದು ನಮ್ಮನ್ನೂ ಕೂರಿಸುತ್ತದೆ.

ಗೈಡ್‌ಗೆ ಪೂರ್ತಿ ಅಧ್ಯಾಯವನ್ನೇ ಕೊಡಬೇಕು ಎಂದು ಕಾಯಬೇಡಿ. "ಸರ್, ಬೇಟೆಯ ಕಲ್ಲುಗಳ ಭಾಗ ಎಂಟು ಪುಟ ಆಗಿದೆ. ವರ್ಗೀಕರಣ ಸರಿ ಇದೆಯಾ ಅಂತ ಮಾತ್ರ ನೋಡಿ" ಎಂದು ಕೊಡಿ. ಎಂಟು ಪುಟವನ್ನು ಅವರು ವಾರದಲ್ಲಿ ಓದುತ್ತಾರೆ. ಎಂಬತ್ತು ಪುಟ ಕೊಟ್ಟರೆ ಅದು ಅವರ ಮೇಜಿನ ಮೇಲೆ ತಿಂಗಳುಗಟ್ಟಲೆ ಕೂರಬಹುದು. ಅವರಿಗೂ ಪಾಠ, ಸಭೆ, ಹತ್ತು ಜನ ವಿದ್ಯಾರ್ಥಿಗಳು ಇರುತ್ತಾರೆ. 2022ರ ನಿಯಮದ ಪ್ರಕಾರ ಪ್ರತಿ ಸೆಮಿಸ್ಟರ್ ಸಂಶೋಧನಾ ಸಲಹಾ ಸಮಿತಿಯ ಮುಂದೆ ನಿಂತು ಪ್ರಗತಿ ಹೇಳಬೇಕು. ದಿನವೂ ಬರೆಯುವವರು ಅದಕ್ಕೆಂದು ಬೇರೆ ತಯಾರಿ ಮಾಡಬೇಕಿಲ್ಲ. ಕ್ಯಾಲೆಂಡರ್, ಚೀಟಿಗಳ ಕಟ್ಟು, ಕಡತ ಮುಂದಿಟ್ಟುಕೊಂಡು ಒಂದು ಸಂಜೆ ಕೂತರೆ ವರದಿ ಆಗುತ್ತದೆ.

ತಪ್ಪಿಹೋದಾಗ

ತಪ್ಪಿಹೋಗುತ್ತದೆ. ಪರೀಕ್ಷಾ ಕೆಲಸ, ಕಾಲೇಜಿನ ಗುಣಮಟ್ಟ ಅಳೆಯುವ ನ್ಯಾಕ್ ತಂಡದ ಭೇಟಿ, ಚುನಾವಣಾ ಕರ್ತವ್ಯ, ಮನೆಯಲ್ಲಿ ಮದುವೆ. ಮೊದಲೇ ಗೊತ್ತಿರುವ ಒತ್ತಡದ ವಾರಗಳಲ್ಲಿ ಅವಧಿಯನ್ನು ಹತ್ತು ನಿಮಿಷಕ್ಕೆ ಇಳಿಸಿ. ಹಗುರ ಕಟ್ಟಿನಿಂದ ಒಂದು ಚೀಟಿ ಮಾತ್ರ. ಕಡತ ತೆರೆದು ಒಂದು ಫೋಟೋಗೆ ಶೀರ್ಷಿಕೆ ಹಾಕಿ ಮುಚ್ಚಿದರೂ ವಿಷಯ ಮನಸ್ಸಿನಿಂದ ಜಾರಿಹೋಗುವುದಿಲ್ಲ.

ಪೂರ್ತಿ ಎರಡು ಮೂರು ವಾರ ಬಿಟ್ಟುಹೋಗಿದ್ದರೆ, ವಾಪಸ್ ಬಂದ ಮೊದಲ ದಿನ ಬರೆಯಲೇಬೇಡಿ. ಕೊನೆಯ ಎರಡು ಪುಟ ಓದಿ, ನಿಮ್ಮ "ನಾಳೆ" ಸೂಚನೆ ಓದಿ, ಹೊಸ ಸೂಚನೆ ಬರೆದು ಎದ್ದುಬಿಡಿ. ಎರಡನೇ ದಿನ ಹತ್ತು ನಿಮಿಷ. ಮೂರನೇ ದಿನದಿಂದ ಎಂದಿನ ಅರ್ಧ ಗಂಟೆ. ಬಿಟ್ಟುಹೋದ ದಿನಗಳ ಬಾಕಿ ತೀರಿಸುತ್ತೇನೆ ಎಂದು ಮೊದಲ ದಿನವೇ ನಾಲ್ಕು ಗಂಟೆ ಕೂರಲು ಹೋದವರು ಬಹಳ ಸಲ ಮತ್ತೆ ಒಂದು ತಿಂಗಳು ಆ ಕಡೆ ತಿರುಗಿ ನೋಡುವುದಿಲ್ಲ.

ಅರ್ಧ ಗಂಟೆಗೆ ಒಗ್ಗದ ಕೆಲಸಗಳು

ಎಲ್ಲವೂ ಅರ್ಧ ಗಂಟೆಯಲ್ಲಿ ಆಗುತ್ತದೆ ಅಂತ ನಾನು ಹೇಳುವುದಿಲ್ಲ. ಕ್ಷೇತ್ರಕಾರ್ಯಕ್ಕೆ ಇಡೀ ದಿನ ಬೇಕು. ಹೊಸ ಸಿದ್ಧಾಂತದ ಪುಸ್ತಕವೊಂದನ್ನು ಅರಗಿಸಿಕೊಳ್ಳಲು ಎರಡು ಮೂರು ಗಂಟೆಯ ಓದು ಬೇಕು. ಅಧ್ಯಾಯದ ತುಂಡುಗಳನ್ನು ಸಾಲಾಗಿ ಜೋಡಿಸುವುದಕ್ಕೂ ಒಂದು ಪೂರ್ತಿ ಮಧ್ಯಾಹ್ನ ಬೇಕು. ದಸರಾ ರಜೆ, ಬೇಸಿಗೆ ರಜೆಯನ್ನು ಇಂಥವಕ್ಕೆ ಇಟ್ಟುಕೊಳ್ಳಿ. ಅಷ್ಟರಲ್ಲಿ ಕೈಯಲ್ಲಿ ನೂರು ಪುಟ ಇರುತ್ತದೆ. ರಜೆ ಖಾಲಿ ಹಾಳೆಯಿಂದ ಶುರುವಾಗುವುದಿಲ್ಲ.

ಜೋಡಿಸುವ ಕ್ರಮ ಹೀಗಿರಲಿ. ಅಧ್ಯಾಯವನ್ನು ಪ್ರಿಂಟ್ ತೆಗೆಸಿ. ಪ್ರತಿ ಪ್ಯಾರಾದ ಪಕ್ಕ, ಅದು ಏನು ಹೇಳುತ್ತದೆ ಎಂದು ಮಾರ್ಜಿನ್‌ನಲ್ಲಿ ನಾಲ್ಕೈದು ಪದದಲ್ಲಿ ಬರೆಯಿರಿ. ಈಗ ಮಾರ್ಜಿನ್ ಮಾತ್ರ ಓದಿ. ತುಂಡು ತುಂಡಾಗಿ ಬರೆದ ಪ್ರಬಂಧದಲ್ಲಿ ಎರಡು ದೋಷ ಎದ್ದು ಕಾಣುತ್ತವೆ. ಒಂದೇ ಮಾತು ಬೇರೆ ಬೇರೆ ತಿಂಗಳಲ್ಲಿ ಎರಡು ಮೂರು ಸಲ ಬಂದಿರುತ್ತದೆ. ಒಂದು ಪ್ಯಾರಾದಿಂದ ಇನ್ನೊಂದಕ್ಕೆ ದಾಟುವ ಸಾಲು ಇರುವುದಿಲ್ಲ. ಮರುಕಳಿಸಿದ್ದರಲ್ಲಿ ಚೆನ್ನಾಗಿರುವುದನ್ನು ಉಳಿಸಿ ಬಾಕಿಯದನ್ನು ಹೊಡೆದು ಹಾಕಿ. ದಾಟುವ ಸಾಲು ಇಲ್ಲದ ಕಡೆಯೆಲ್ಲ ಒಂದು ಗೆರೆ ಎಳೆದು ಸಂಖ್ಯೆ ಹಾಕಿ. ಆ ಸಾಲುಗಳನ್ನು ಅಂದೇ ಬರೆಯಬೇಕಿಲ್ಲ. ರಜೆ ಮುಗಿದು ಕಾಲೇಜು ಶುರುವಾದ ಮೇಲೆ, ದಿನಕ್ಕೆ ಎರಡು ಮೂರರಂತೆ ಅದೇ ಅರ್ಧ ಗಂಟೆಯಲ್ಲಿ ಬರೆಯಬಹುದು.

ಪೀಠಿಕೆಯನ್ನು ಎಲ್ಲಕ್ಕಿಂತ ಕೊನೆಗೆ ಇಟ್ಟುಕೊಳ್ಳಿ. ಸಾರಾಂಶ ಬರೆದಾಗ ಏನು ಮಾಡುತ್ತೇನೆ ಎಂದು ಹೇಳಿದ್ದಿರಿ. ಈಗ ಏನು ಮಾಡಿದ್ದೇನೆ ಎಂದು ಹೇಳಬೇಕು, ಮತ್ತು ಅದು ಈಗ ಮಾತ್ರ ನಿಮಗೆ ಗೊತ್ತಿದೆ. ಅಧ್ಯಾಯಕ್ಕೊಂದರಂತೆ ಚೀಟಿ ಮಾಡಿ, "ಈ ಅಧ್ಯಾಯದಲ್ಲಿ ನಾನು ಕಂಡುಕೊಂಡದ್ದೇನು?" ಎಂದು ಅದರ ಮೇಲೆ ಬರೆದು, ಸೋಮವಾರದಿಂದ ಶುರು ಮಾಡಿ.